ಮಾಜಿ ಸೈನಿಕರ ಅಂಗವೈಕಲ್ಯ: ಹಳ್ಳಿಯ ಮನೆಯ ಹೊಣೆ

ಯುದ್ಧದಲ್ಲಿ ಗಾಯಗೊಂಡು ಮರಳಿದ ಸೈನಿಕನಿಗೆ ಊರು ಹಾರ ಹಾಕುವುದು ಒಂದು ದಿನ. ಆತನ ಅಂಗವೈಕಲ್ಯವನ್ನು ಮನೆಯವರು ನೋಡಿಕೊಳ್ಳಬೇಕಾದುದು ಜೀವಮಾನವಿಡೀ.

ನಾಸಿಕದ ದೇವಳಾಲಿಯಲ್ಲಿ ಭೂಸೇನೆಯ ಫಿರಂಗಿದಳದ ಶಾಲೆಯಿದೆ. 2023ರಲ್ಲಿ ಛತ್ರಪತಿ ಸಂಭಾಜಿನಗರವೆಂದು ಹೆಸರು ಬದಲಾದ ಔರಂಗಾಬಾದಿನಲ್ಲಿ ಹಳೆಯ ದಂಡುಪ್ರದೇಶವಿದೆ. ಆದರೆ 1944ರಲ್ಲಿ ಸ್ಥಾಪಿತವಾದ ಸೇನೆಯ ಕೃತಕಾಂಗ ಕೇಂದ್ರವಿರುವುದು ಪುಣೆಯಲ್ಲಿ. ಸಿನ್ನರ್, ವೈಜಾಪುರ ಅಥವಾ ನಮ್ಮ ನುಡಿಯ ಹೆಸರನ್ನೇ ಹೋಲುವ ಕನ್ನಡ್ ತಾಲ್ಲೂಕಿನ ಹಳ್ಳಿಗನಿಗೆ ಅಲ್ಲಿಗೆ ಹೋಗಿಬರುವುದು ಸುಲಭವಲ್ಲ. ಹೊಲದ ಕೆಲಸವೆಂದು ಪ್ರಯಾಣವನ್ನು ಮುಂದೂಡುತ್ತಾನೆ, ನೋವು ಬೆಳೆಯುತ್ತದೆ.

ಕೃತಕ ಕಾಲು ದೊರೆತಮಾತ್ರಕ್ಕೆ ಚಿಕಿತ್ಸೆ ಮುಗಿಯದು. ಉಳಿದ ಮೋಟುಗಾಲು ಕ್ರಮೇಣ ಸೊರಗುವುದರಿಂದ ಅದನ್ನು ಹಿಡಿದಿರುವ ಬಟ್ಟಲು ಸಡಿಲಾಗಿ ಚರ್ಮವನ್ನು ಉಜ್ಜುತ್ತದೆ. ಬೆವರು, ಕೆಸರು ಸೇರಿದರೆ ಹುಣ್ಣಾಗುತ್ತದೆ. ಮಧುಮೇಹವಿದ್ದರೆ ಅದು ಬೇಗ ಮಾಯದು. ಪ್ರತಿ ರಾತ್ರಿ ಸಾಬೂನಿನಿಂದ ತೊಳೆದು, ಚೆನ್ನಾಗಿ ಒಣಗಿಸಿ, ಕಾಣದ ಭಾಗವನ್ನು ಕನ್ನಡಿಯಲ್ಲಿ ನೋಡಿಕೊಳ್ಳಬೇಕು. ಕೆಂಪು ಕಲೆ ಮಾಸದಿದ್ದರೆ ಕೃತಕ ಕಾಲನ್ನು ಧರಿಸದೆ ವೈದ್ಯರಿಗೆ ತೋರಿಸಬೇಕು.

ಕಣ್ಣಿಗೆ ಕಾಣದ ವೈಕಲ್ಯವೂ ಉಂಟು. ಫಿರಂಗಿಯ ಸದ್ದಿನಿಂದ ಒಳಕಿವಿಯ ಸೂಕ್ಷ್ಮ ರೋಮಕೋಶಗಳು ನಾಶವಾಗುತ್ತವೆ. ಅವು ಮತ್ತೆ ಹುಟ್ಟವು. ಮೊದಲು ಕೇಳದಾಗುವುದು ಕೀರಲು ಸ್ವರ, ಅಂದರೆ ಮಕ್ಕಳ ದನಿ. 'ಅಜ್ಜನಿಗೆ ಸಿಟ್ಟು, ಮಾತಾಡುವುದಿಲ್ಲ' ಎಂದು ಮೊಮ್ಮಕ್ಕಳು ದೂರ ಸರಿಯುತ್ತಾರೆ. ಶ್ರವಣ ಪರೀಕ್ಷೆ ಮಾಡಿಸಿ ಸಕಾಲದಲ್ಲಿ ಶ್ರವಣಸಾಧನ ಒದಗಿಸಿದರೆ ಈ ಒಂಟಿತನವನ್ನು ಬಹುಮಟ್ಟಿಗೆ ನೀಗಬಹುದು.

ಕಾಗದಪತ್ರಗಳನ್ನು ಜೋಪಾನವಾಗಿಡುವುದೂ ಆರೈಕೆಯ ಒಂದು ಅಂಗ. ಸೇವೆಯಿಂದ ಉಂಟಾದ ಅಥವಾ ಉಲ್ಬಣಿಸಿದ ವೈಕಲ್ಯವು ಶೇಕಡಾ 20 ಅಥವಾ ಹೆಚ್ಚಿದ್ದರೆ ಸಾಮಾನ್ಯವಾಗಿ ವೈಕಲ್ಯ ವೇತನಕ್ಕೆ ಅರ್ಹತೆಯುಂಟು. ಸೇನೆಗೆ ಸೇರುವಾಗ ರೋಗವಿತ್ತೆಂಬ ದಾಖಲೆಯಿಲ್ಲದಿದ್ದರೆ ಆತನು ಆಗ ಆರೋಗ್ಯವಂತನಾಗಿದ್ದನೆಂದೇ ಭಾವಿಸಬೇಕೆಂದು 2013ರಲ್ಲಿ ಧರ್ಮವೀರ ಸಿಂಗ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತಿದೆ. ಆದುದರಿಂದ ಡಿಸ್ಚಾರ್ಜ್ ಬುಕ್ಕನ್ನೂ ವೈದ್ಯಕೀಯ ಮಂಡಲಿಯ ವರದಿಯನ್ನೂ ಕಳೆದುಕೊಳ್ಳಬಾರದು. ನಿವೃತ್ತಿ ವೇತನ ಪಡೆಯುವ ಮಾಜಿ ಸೈನಿಕರಿಗೂ ಅವರ ಅವಲಂಬಿತರಿಗೂ 2003ರಲ್ಲಿ ಆರಂಭವಾದ ಆರೋಗ್ಯ ಯೋಜನೆಯಿದೆ. ದಾರಿ ತಿಳಿಯದಿದ್ದರೆ ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯಲ್ಲಿ ವಿಚಾರಿಸಬಹುದು.

ಈ ಮಾತು ಬೆಳಗಾವಿ, ಕೊಡಗಿನ ಹಳ್ಳಿಗಳಿಗೂ ಅನ್ವಯಿಸುತ್ತದೆ. ನಗರದಲ್ಲಿ ನೆಲೆಸಿದ ನಮ್ಮಲ್ಲಿ ಅನೇಕರಿಗೆ ಊರಿನಲ್ಲಿ ಇಂಥ ಚಿಕ್ಕಪ್ಪನೋ ಸೋದರಮಾವನೋ ಇದ್ದಾರು. ಮುಂದಿನ ರಜೆಯಲ್ಲಿ ಹೋದಾಗ ಅವರ ಶೌರ್ಯದ ಕಥೆಯನ್ನು ಕೇಳೋಣ. ಕಾಲಿನ ಹುಣ್ಣನ್ನೂ ಪೆಟ್ಟಿಗೆಯಲ್ಲಿರುವ ಕಾಗದಗಳನ್ನೂ ಒಮ್ಮೆ ನೋಡಿಬರೋಣ.