ಬ್ರೇಕಿನ ನಡುಕ

ಆಗುಂಬೆಯ ತಿರುವುಗಳನ್ನಿಳಿದು ಸೋಮೇಶ್ವರವನ್ನು ದಾಟಿದ ಕಾರು, ಮುಂದಿನ ಸಮತಟ್ಟಾದ ರಸ್ತೆಯಲ್ಲಿ ಬ್ರೇಕನ್ನೊತ್ತಿದೊಡನೆ ಗಡಗಡನೆ ನಡುಗುವುದುಂಟು. ‘ಡಿಸ್ಕು ಸೊಟ್ಟಗಾಗಿದೆ’ ಎಂಬ ತೀರ್ಪು ಆಗಲೇ ಸಿದ್ಧ. ಆದರೆ ಎರಕದ ಕಬ್ಬಿಣದ ಆ ಬಿಲ್ಲೆ ಕಾದ ತಗಡಿನಂತೆ ಬಾಗುವುದು ಅಪರೂಪ. ಬಹುಮಟ್ಟಿಗೆ ಕೆಟ್ಟಿರುವುದು ಅದರ ದಪ್ಪದ ಸಮತೆ. 0.02 ಮಿಲಿಮೀಟರಿನಷ್ಟು ಏರುಪೇರೇ ಈ ನಡುಕಕ್ಕೆ ಸಾಕು! ಕಾದ ಡಿಸ್ಕನ್ನು ಪ್ಯಾಡುಗಳು ಒತ್ತಿಹಿಡಿದಿರುವಂತೆಯೇ ಕಾರನ್ನು ನಿಲ್ಲಿಸಿದರೆ, ಪ್ಯಾಡಿನ ದ್ರವ್ಯ ಆ ಒಂದೆಡೆಯಲ್ಲೇ ಮೆತ್ತಿಕೊಳ್ಳುತ್ತದೆ. ಹಬ್ಬಿನ ಮೇಲಣ ತುಕ್ಕಿನಿಂದ ಡಿಸ್ಕು ತುಸು ಓರೆಯಾಗಿ ಕುಳಿತಿದ್ದರೆ, ಸುತ್ತುಸುತ್ತಿಗೂ ಒಂದೇ ಭಾಗ ಉಜ್ಜಿಕೊಂಡು ತೆಳುವಾಗುತ್ತದೆ. ಆ ತುಕ್ಕನ್ನು ತೆಗೆಯದೆ ಹೊಸ ಡಿಸ್ಕು ಹಾಕಿಸುವುದು ಹಣಕ್ಕೆ ದಂಡ. ಕೆಲವು ಸಾವಿರ ಕಿಲೋಮೀಟರುಗಳಲ್ಲಿ ನಡುಕ ಮರಳುತ್ತದೆ. ಚಕ್ರದ ನಟ್ಟುಗಳನ್ನೂ ಎದುರುಬದುರಾಗಿ, ಸಮನಾದ ಬಿಗಿಯಲ್ಲಿ ತಿರುಗಿಸಬೇಕು.

ಬ್ರೇಕ್ ಮುಟ್ಟದಿರುವಾಗಲೂ ನಡುಕವಿದ್ದರೆ ಮೊದಲು ಚಕ್ರಗಳ ಸಮತೋಲವನ್ನು ನೋಡಿಸತಕ್ಕದ್ದು. ಒತ್ತಿದಾಗ ಮಾತ್ರ ಸ್ಟಿಯರಿಂಗ್ ಅಲುಗಿದರೆ ಮುಂದಿನ ಡಿಸ್ಕುಗಳನ್ನೂ, ಆಸನವೇ ಅಲುಗಿದರೆ ಹಿಂದಿನವನ್ನೂ ಸಂಶಯಿಸಬಹುದು. ನಿರ್ಣಯ ಡಯಲ್ ಗೇಜು, ಮೈಕ್ರೋಮೀಟರುಗಳದು.

ಪೆಟ್ರೋಲ್ ಉಳಿಸಲೆಂದು ನ್ಯೂಟ್ರಲ್‌ನಲ್ಲಿ ಘಟ್ಟವಿಳಿಯುವವರಿದ್ದಾರೆ. ಅದು ಬರಿಯ ನಡುಕದ ಪ್ರಶ್ನೆಯಲ್ಲ: ಬ್ರೇಕಿನ ದ್ರವ ಕುದಿದರೆ ಪೆಡಲು ಕಾಲಡಿಯಲ್ಲೇ ಕುಸಿಯುತ್ತದೆ. ಕೆಳಗಿನ ಗೇರಿನಲ್ಲಿ ಇಳಿದು, ತಪ್ಪಲಲ್ಲಿ ತಟ್ಟನೆ ನಿಲ್ಲಿಸದೆ ತುಸುದೂರ ನಿಧಾನವಾಗಿ ಓಡಿಸಿದರೆ ಡಿಸ್ಕುಗಳು ಗಾಳಿಗೆ ತಾವೇ ಆರುತ್ತವೆ.