ಬ್ರೇಕಿಲ್ಲದ ಬೈಕುಗಳೂ ನೆಲೆಯಿಲ್ಲದ ಸವಾರರೂ

ಬ್ರೇಕ್ ಇಲ್ಲ. ಗೇರ್ ಒಂದೇ. ಐನೂರು ಸಿಸಿ ಎಂಜಿನ್ನಿಗೆ ಇಂಧನ ಮೆಥನಾಲ್. ಇಂಥ ನಾಲ್ಕು ಬೈಕುಗಳು ಸುಮಾರು ಮುನ್ನೂರು ಮೀಟರ್ ಸುತ್ತಳತೆಯ ಅಂಡಾಕಾರದ ಮಣ್ಣಿನ ಹಾದಿಯಲ್ಲಿ, ಸದಾ ಎಡಕ್ಕೇ ಹೊರಳುತ್ತ ನಾಲ್ಕು ಸುತ್ತು ಹಾಕುತ್ತವೆ. ಒಂದು ನಿಮಿಷದಲ್ಲಿ ಎಲ್ಲ ಮುಗಿದಿರುತ್ತದೆ. ಆಸ್ಟ್ರೇಲಿಯಾದಿಂದ ಬಂದ ಈ ಸ್ಪೀಡ್‌ವೇ ಪಂದ್ಯ ಬ್ರಿಟನ್ನಿನಲ್ಲಿ ಬೇರೂರಿದ್ದು 1928ರ ಫೆಬ್ರವರಿ 19ರಂದು, ಲಂಡನ್ ಸಮೀಪದ ಹೈಬೀಚ್‌ನಲ್ಲಿ. 1936ರಲ್ಲಿ ವಿಶ್ವ ಚಾಂಪಿಯನ್‌ಷಿಪ್ ಆರಂಭವಾದ ಮೇಲೆ ಮೊದಮೊದಲ ದಶಕಗಳಲ್ಲಿ ಅದರ ಅಂತಿಮ ಪಂದ್ಯಗಳು ವೆಂಬ್ಲಿಯಲ್ಲಿಯೇ ನಡೆದವು. ಕಾರ್ಖಾನೆಯ ಕೆಲಸ ಮುಗಿಸಿದ ಕಾರ್ಮಿಕರು ಸಂಸಾರ ಸಮೇತ ನೋಡಲು ಹೋಗುತ್ತಿದ್ದ ಆಟ ಇದು.

ಈ ಆಟಕ್ಕೂ ನಮ್ಮ ತಂಬ್ರಹಳ್ಳಿಗೂ ಏನು ನಂಟು? ಜಾವಾ. ಚೆಕೊಸ್ಲೊವಾಕಿಯಾದ ದಿವಿಶೋವ್ ಊರಿನಲ್ಲಿ ಸ್ಪೀಡ್‌ವೇ ಬೈಕುಗಳನ್ನು ತಯಾರಿಸುತ್ತಿದ್ದ ಎಸೊ ಸಂಸ್ಥೆ 1964ರಲ್ಲಿ ಜಾವಾದೊಡನೆ ವಿಲೀನವಾಯಿತು. ನ್ಯೂಜಿಲೆಂಡಿನ ಐವನ್ ಮೌಗರ್ 1968, 1969, 1970ರಲ್ಲಿ ಸತತ ಮೂರು ಬಾರಿ ವಿಶ್ವ ಚಾಂಪಿಯನ್ ಆದದ್ದು ಆ ಬೈಕುಗಳ ಮೇಲೆ. ಅಮೆರಿಕದ ಅಭಿಮಾನಿಗಳು ಅವನ ವಿಜಯದ ಬೈಕಿಗೆ ಚಿನ್ನದ ಲೇಪ ಕೊಡಿಸಿದರು. ಅದೇ ಜಾವಾದ ರಸ್ತೆ ಬೈಕುಗಳನ್ನು 1961ರಿಂದ ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ತಯಾರಿಸಿತು. ಮುಂದೆ ಅವು ಯೆಜ್ಡಿ ಎಂಬ ಹೆಸರು ತಳೆದವು.

ಎಪ್ಪತ್ತರ ದಶಕದಲ್ಲಿ ನಮ್ಮೂರಿಗೆ ‘ಪಟಪಟಿ’ ಎಂದರೆ ಜಾವಾವೇ. ಒಂದೇ ಸಿಲಿಂಡರಿಗೆ ಎರಡು ಹೊಗೆಕೊಳವೆ; ಕಿಕ್ ಹೊಡೆಯುವ ಸನ್ನೆಯೇ ಮುಂದಕ್ಕೆ ಮಡಚಿದರೆ ಗೇರ್. ಗುತ್ತಿಗೆದಾರರೊಬ್ಬರದು, ಕೊಟ್ಟೂರಿನಿಂದ ಬರುತ್ತಿದ್ದ ವ್ಯಾಪಾರಿಯೊಬ್ಬರದು, ಹೀಗೆ ಶಬ್ದ ಕೇಳಿಯೇ ಯಾರ ಗಾಡಿಯೆಂದು ಹುಡುಗರು ಹೇಳುತ್ತಿದ್ದರು. ಬೇಸಿಗೆಯಲ್ಲಿ ತುಂಗಭದ್ರಾ ಜಲಾಶಯದ ಹಿನ್ನೀರು ಸರಿದಾಗ ಊರಾಚೆ ವಿಶಾಲವಾದ ಬಯಲು ತೆರೆದುಕೊಳ್ಳುತ್ತಿತ್ತು. ಸಂಜೆ ಹೊತ್ತು ಎರಡು ಮೂರು ಜಾವಾಗಳು ಅಲ್ಲಿಗಿಳಿದು ಸುತ್ತು ಹೊಡೆಯುತ್ತಿದ್ದವು. ತಿರುವಿನಲ್ಲಿ ಹಿಂದಿನ ಗಾಲಿ ಜಾರಿ, ಸವಾರ ಎಡಗಾಲನ್ನು ನೆಲಕ್ಕೆ ಊರಿ, ಧೂಳಿನ ಗೋಡೆಯನ್ನೇ ಎಬ್ಬಿಸುತ್ತಿದ್ದ. ಆ ವರಸೆಗೆ ಜಗತ್ತಿನಲ್ಲಿ ಒಂದು ಹೆಸರಿದೆಯೆಂದು ಅವರಿಗೂ ತಿಳಿದಿರಲಿಲ್ಲ, ನೋಡುತ್ತಿದ್ದ ನಮಗೂ ತಿಳಿದಿರಲಿಲ್ಲ.

ತೊಂಬತ್ತರ ದಶಕದಲ್ಲಿ ತರಬೇತಿಗೆಂದು ಮ್ಯಾಂಚೆಸ್ಟರಿಗೆ ಹೋಗಿದ್ದಾಗ ಬೆಲ್‌ವ್ಯೂ ಏಸಸ್ ತಂಡದ ಪಂದ್ಯವೊಂದನ್ನು ನೋಡಿದೆ. ಹಾದಿಗೆ ಹಾಸಿದ್ದ ಕೆಂಪು ಕಲ್ಲಿನ ಪುಡಿ ಕೂಡ್ಲಿಗಿ ಕಡೆಯ ಹೊಲದ ಮಣ್ಣಿನಂತೆಯೇ ಇತ್ತು. ಮುಂದಿನ ಸಾಲಿನಲ್ಲಿ ಕುಳಿತವರ ಮೈಮೇಲೆಲ್ಲ ಅದೇ. ಪಕ್ಕದಲ್ಲಿದ್ದ ವೃದ್ಧರು ಮಾತ್ರ ಆಟಕ್ಕಿಂತ ಹೆಚ್ಚಾಗಿ ಹೈಡ್ ರೋಡ್ ಕ್ರೀಡಾಂಗಣದ ಬಗ್ಗೆಯೇ ಮಾತಾಡಿದರು. 1929ರಿಂದ ಬೆಲ್‌ವ್ಯೂ ತಂಡದ ಮನೆಯಾಗಿದ್ದ ಜಾಗ ಅದು. ಮೌಗರ್ ಇದ್ದ ಕಾಲದಲ್ಲಿ ತಂಡ 1970ರಿಂದ 1972ರವರೆಗೆ ಸತತ ಮೂರು ಲೀಗ್ ಗೆದ್ದದ್ದೂ ಅಲ್ಲಿಯೇ ಆಡುತ್ತಿದ್ದಾಗ. 1987ರಲ್ಲಿ ಅದು ಮಾರಾಟವಾಗಿ ಕಾರು ಹರಾಜಿನ ಅಂಗಳವಾಯಿತು. ಏಸಸ್ ತಂಡ ನಾಯಿ ಓಟದ ಕ್ರೀಡಾಂಗಣಕ್ಕೆ ಬಾಡಿಗೆದಾರನಾಗಿ ಹೋಯಿತು. ನಾನು ಪಂದ್ಯ ನೋಡಿದ್ದು ಅಲ್ಲಿ.

ಅರ್ಥಶಾಸ್ತ್ರದ ವಿದ್ಯಾರ್ಥಿಗೆ ಇದರಲ್ಲಿ ಒಗಟೇನೂ ಇಲ್ಲ. ವಾರಕ್ಕೊಂದು ಸಂಜೆ ಟಿಕೆಟ್ ಮಾರುವ ಮೈದಾನ, ನಗರ ಬೆಳೆದಂತೆ ತನ್ನ ಕಾಲಡಿಯ ನೆಲದ ಬೆಲೆಗೆ ತಾನೇ ಬಲಿಯಾಗುತ್ತದೆ. ವಿಂಬಲ್ಡನ್‌ನ ಸ್ಪೀಡ್‌ವೇ ಹಾದಿಯಿದ್ದಲ್ಲಿ ಇಂದು ಫುಟ್‌ಬಾಲ್ ಕ್ರೀಡಾಂಗಣವೂ ವಸತಿ ಸಮುಚ್ಚಯಗಳೂ ಇವೆ. ಆದರೆ ಮ್ಯಾಂಚೆಸ್ಟರಿನ ನಗರಾಡಳಿತ ಕೈಕಟ್ಟಿ ಕೂರಲಿಲ್ಲ. ಬೆಲ್‌ವ್ಯೂನಲ್ಲಿಯೇ ಹೊಸ ರಾಷ್ಟ್ರೀಯ ಸ್ಪೀಡ್‌ವೇ ಕ್ರೀಡಾಂಗಣವನ್ನು ಕಟ್ಟಿಸಿತು. 2016ರ ಮಾರ್ಚ್‌ನ ಆರಂಭದ ಪಂದ್ಯ, ಹಾದಿ ಹದವಾಗಿಲ್ಲವೆಂದು ರದ್ದಾಯಿತೆನ್ನಿ. ಸರ್ಕಾರಿ ಕಾಮಗಾರಿಗಳ ಒಡನಾಟವುಳ್ಳ ನನಗೆ ಇದು ಅಚ್ಚರಿ ತರಲಿಲ್ಲ.

ನಮ್ಮಲ್ಲಿ ಕಳೆದುಕೊಳ್ಳುವುದಕ್ಕಾದರೂ ಏನಿತ್ತು? ಐಡಿಯಲ್ ಜಾವಾದ ಸವಾರರು ಮದರಾಸಿನ ಬಳಿಯ ಶೋಲಾವರಂಗೆ, ಯುದ್ಧಕಾಲದ ವಿಮಾನಪಟ್ಟಿಯ ಮೇಲೆ ಸ್ಪರ್ಧಿಸಲು ಹೋಗಬೇಕಾಗಿತ್ತು. ಅವರಲ್ಲೊಬ್ಬರಾದ ಮೈಸೂರಿನ ಸೋಮೇಂದರ್ ಸಿಂಗ್ ಮುಂದೆ ಎಂಜಿನ್ನಿನ ಸಿಲಿಂಡರ್ ಹೆಡ್ಡಿನಲ್ಲಿ ಗೀರುಗಳನ್ನು ಕೊರೆಯುವ ಪ್ರಯೋಗ ನಡೆಸಿ 2001ರಲ್ಲಿ ಅಮೆರಿಕದ ಪೇಟೆಂಟ್ ಪಡೆದರು. ಕಾರ್ಖಾನೆ 1996ರಲ್ಲಿ ಮುಚ್ಚಿತು. ಜಾವಾ 2018ರಲ್ಲಿ, ಯೆಜ್ಡಿ 2022ರಲ್ಲಿ ಬೇರೆ ಸಂಸ್ಥೆಯ ಮೂಲಕ ಮಾರುಕಟ್ಟೆಗೆ ಮರಳಿದವು. ಹೆಸರು ಬಂತು, ಮೈಸೂರಿನ ಕಾರ್ಖಾನೆ ಬರಲಿಲ್ಲ.

ಸವಾರರಿಗೇನೂ ಬರವಿಲ್ಲ. ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಡಕಾರ್ ರ‍್ಯಾಲಿಯನ್ನು ಪೂರ್ಣಗೊಳಿಸಿದ ಮೊದಲ ಭಾರತೀಯರಾದರು. ಅದೇ ಊರಿನ ಐಶ್ವರ್ಯಾ ಪಿಸ್ಸೆ 2019ರಲ್ಲಿ ಬಾಹಾ ವಿಶ್ವಕಪ್‌ನ ಮಹಿಳಾ ವಿಭಾಗವನ್ನು ಗೆದ್ದರು. ಸಂತೋಷ್ ಕೋಲಾರದ ಬಳಿ ತಾವೇ ತರಬೇತಿಯ ಮಣ್ಣಿನ ಅಂಗಳವೊಂದನ್ನು ರೂಪಿಸಿದರು. ಸಾರ್ವಜನಿಕ ಹಣದಿಂದ ಆಗಬೇಕಾದುದನ್ನು ಒಬ್ಬ ಸವಾರ ಮಾಡಬೇಕಾಯಿತು.

ನಮ್ಮ ಭಾಗದ ಹುಡುಗರಿಗೆ ಉಳಿದಿರುವುದು ಹೆದ್ದಾರಿ. ಹೊಸಪೇಟೆ ರಸ್ತೆಯಲ್ಲಿ ರಾತ್ರಿ ಪಂದ್ಯ ಕಟ್ಟುವವರನ್ನು ಪೊಲೀಸರು ಹಿಡಿಯಲಿ, ದಂಡವನ್ನೂ ಹಾಕಲಿ. ಅವರು ಹೋಗಬೇಕಾದ ಜಾಗ ಯಾವುದೆಂದು ಮಾತ್ರ ಯಾರೂ ಹೇಳುವುದಿಲ್ಲ. ಸ್ಪೀಡ್‌ವೇಗೆ ಕೋಟ್ಯಂತರ ರೂಪಾಯಿಯ ಡಾಂಬರು ಪಥ ಬೇಡ. ನಾಲ್ಕೈದು ಎಕರೆ ನೆಲ, ಕೆಂಪು ಮಣ್ಣು, ನೀರಿನ ಟ್ಯಾಂಕರ್, ಬಲವಾದ ಬೇಲಿ, ಒಂದು ಆಂಬುಲೆನ್ಸ್ ಸಾಕು. ವಿಜಯನಗರ ಜಿಲ್ಲೆ 2021ರಲ್ಲಷ್ಟೇ ರಚನೆಯಾದುದು. ಜಿಲ್ಲಾ ಮಟ್ಟದ ಸೌಕರ್ಯಗಳ ನಕಾಶೆಯಲ್ಲಿ ಇದಕ್ಕೊಂದು ಮೂಲೆ ಸಿಗಬಾರದೇಕೆ? ಕಡತ ಕಂದಾಯ, ಕ್ರೀಡಾ, ಸಾರಿಗೆ ಇಲಾಖೆಗಳ ನಡುವೆ ಓಡಾಡುತ್ತದೆ, ಬಲ್ಲೆ. ಅದಕ್ಕೆ ಯಾವ ಷರಾ ಬರೆಯುತ್ತಾರೆಂಬುದನ್ನೂ ಬಲ್ಲೆ. ಆದರೂ ತಂಬ್ರಹಳ್ಳಿಯ ಗ್ರಾಮಸಭೆಯಲ್ಲಿ ಅರ್ಜಿಯನ್ನು ಮಂಡಿಸುವವನಿದ್ದೇನೆ.