ನೀಲಿ ಮುಚ್ಚಳದ ಟ್ಯೂಬಿನ ಹಾದಿ

ಬ್ಯಾಡಗಿಯಲ್ಲಿ ಅಂದು ಮೆಣಸಿನಕಾಯಿ ಟೆಂಡರ್. ಲಾರಿಗಳ ಸಾಲು ದಾಟಿ, ಸೀನುತ್ತಲೇ ಒಂದು ರಕ್ತ ಸಂಗ್ರಹ ಕೇಂದ್ರದ ಮೆಟ್ಟಿಲು ಹತ್ತಿದೆ. ಒಳಗೆ ಹೃದಯದ ಕವಾಟ ಬದಲಿಸಿಕೊಂಡ ಹಿರಿಯರೊಬ್ಬರು ರಕ್ತ ಎಷ್ಟು ಹೊತ್ತಿಗೆ ಹೆಪ್ಪುಗಟ್ಟುತ್ತದೆಂದು ಅಳೆಯುವ ಪಿಟಿ-ಐಎನ್‌ಆರ್ ಪರೀಕ್ಷೆಗೆ ಕೈಚಾಚಿ ಕೂತಿದ್ದರು. ಲೋಹದ ಕವಾಟ ಇರುವವರು ರಕ್ತ ತೆಳುವಾಗಿಸುವ ಅಸಿಟ್ರೋಮ್ ಅಥವಾ ವಾರ್ಫರಿನ್ ಗುಳಿಗೆಯನ್ನು ಬದುಕಿರುವವರೆಗೂ ನುಂಗಬೇಕು. ಎಷ್ಟು ನುಂಗಬೇಕೆಂದು ಹೇಳುವುದು ಈ ಪರೀಕ್ಷೆಯ ಅಂಕಿಯೇ.

‘ಯವ್ವಾ, ಮುಷ್ಟಿ ಸಡ್ಲ ಬಿಡ್ರಿ’ ಎನ್ನುತ್ತ ರಕ್ತ ತೆಗೆಯುವ ಹುಡುಗಿ ಸೂಜಿ ಚುಚ್ಚಿದಳು. ತೋಳಿನ ಪಟ್ಟಿಯನ್ನು ನಿಮಿಷದೊಳಗೇ ಬಿಚ್ಚಿದಳು. ಮೊದಲು ತುಂಬಿಸಿದ್ದು ತಿಳಿನೀಲಿ ಮುಚ್ಚಳದ ಟ್ಯೂಬ್, ಆಮೇಲೆ ನೇರಳೆಯದು. ಈ ಕ್ರಮ ತಪ್ಪಬಾರದು. ನೇರಳೆ ಟ್ಯೂಬಿನಲ್ಲಿರುವ ಇಡಿಟಿಎ ಎಂಬ ರಾಸಾಯನಿಕ ಒಂದಿಷ್ಟು ನೀಲಿಯೊಳಗೆ ಸೇರಿದರೂ ಫಲಿತಾಂಶ ಕೆಡುತ್ತದೆ.

ಆ ಪುಟ್ಟ ನೀಲಿ ಟ್ಯೂಬಿನಲ್ಲಿ 0.3 ಮಿಲಿಲೀಟರ್ ಸೋಡಿಯಂ ಸಿಟ್ರೇಟ್ ದ್ರಾವಣ ಮೊದಲೇ ಇರುತ್ತದೆ, ಶೇ 3.2ರ ಪ್ರಮಾಣದ್ದು. ಅದಕ್ಕೆ 2.7 ಮಿಲಿಲೀಟರ್ ರಕ್ತ ಸೇರಬೇಕು. ಒಂಬತ್ತು ಪಾಲು ರಕ್ತಕ್ಕೆ ಒಂದು ಪಾಲು ಸಿಟ್ರೇಟ್. ರಕ್ತ ಹೆಪ್ಪುಗಟ್ಟಲು ಬೇಕಾದ ಕ್ಯಾಲ್ಸಿಯಂ ಅನ್ನು ಸಿಟ್ರೇಟ್ ಹಿಡಿದಿಡುತ್ತದೆ. ಲ್ಯಾಬಿನಲ್ಲಿ ಕ್ಯಾಲ್ಸಿಯಂ ಮರಳಿ ಕೊಟ್ಟು, ಎಷ್ಟು ಸೆಕೆಂಡಿಗೆ ಹೆಪ್ಪುಗಟ್ಟಿತು ಎಂದು ಅಳೆಯುತ್ತಾರೆ. ನರ ಸಿಗಲಿಲ್ಲವೆಂದು 1.8 ಮಿಲಿಲೀಟರಿಗೇ ನಿಲ್ಲಿಸಿದರೆ ಏನಾಗುತ್ತದೆ? ರಕ್ತಕ್ಕೆ ಸಿಟ್ರೇಟ್ ಹೆಚ್ಚಾಗುತ್ತದೆ, ಆಮೇಲೆ ಹಾಕಿದ ಕ್ಯಾಲ್ಸಿಯಮ್ಮನ್ನೂ ಅದು ನುಂಗುತ್ತದೆ. ಹೆಪ್ಪುಗಟ್ಟುವುದು ತಡವಾಗಿ ಐಎನ್‌ಆರ್ ಇರುವುದಕ್ಕಿಂತ ಹೆಚ್ಚು ಏರಿದಂತೆ ಕಾಣುತ್ತದೆ. ವರದಿ ನಂಬಿದ ವೈದ್ಯರು ಗುಳಿಗೆ ಇಳಿಸುತ್ತಾರೆ. ಇಳಿಸಿದ ಗುಳಿಗೆಯಿಂದ ಕವಾಟದ ಮೇಲೆ ರಕ್ತ ಗಡ್ಡೆ ಕಟ್ಟಿದರೆ ಪ್ರಾಣಕ್ಕೇ ಕುತ್ತು. ನನ್ನನ್ನು ಕಾಡಿದ್ದು ಇದು: ತಪ್ಪು ನಡೆದದ್ದು ಸೂಜಿಯ ತುದಿಯಲ್ಲಿ, ಅದರ ಬೆಲೆ ತೆರುವವರು ಮನೆಯಲ್ಲಿ.

ಹುಡುಗಿ ಟ್ಯೂಬನ್ನು ಮೂರ್ನಾಲ್ಕು ಸಲ ಮೆಲ್ಲಗೆ ಬೋರಲು ಮಾಡಿದಳು. ಕುಲುಕಲಿಲ್ಲ, ಕುಲುಕಿದರೆ ಕೆಂಪು ಕಣಗಳು ಒಡೆಯುತ್ತವೆ.

ಮೋಟೆಬೆನ್ನೂರಿನ ಹತ್ತಿರ ಹೆದ್ದಾರಿ ಸೇರಿ ರಾಣೆಬೆನ್ನೂರಿನ ಕಡೆ ಹೊರಟರೆ ಬಿಸಿಲಿನ ಕಾವು ಬಸ್ಸಿನ ತಗಡಿಗೂ ಹತ್ತಿರುತ್ತದೆ. ಸ್ಯಾಂಪಲ್ಲುಗಳು ಹೀಗೇ ಊರಿಂದೂರಿಗೆ ಸಾಗುತ್ತವೆ. ಕಾವಿಗೆ ಹೆದರಿ ನೀಲಿ ಟ್ಯೂಬನ್ನೂ ಐಸ್ ಪ್ಯಾಕಿನ ಮಗ್ಗುಲಿಗೆ ಇಟ್ಟುಬಿಡುವುದು ಸಹಜ. ತಂಪಾಗಿದ್ದರೆ ಕೆಡದು ಎಂಬ ನಂಬಿಕೆ ಇಲ್ಲಿ ಸಲ್ಲದು. ಪ್ಲಾಸ್ಮಾ ಬೇರ್ಪಡಿಸದ ರಕ್ತ ತಣ್ಣಗಾದರೆ ರಕ್ತ ಹೆಪ್ಪುಗಟ್ಟಿಸುವ ಏಳನೇ ಅಂಶ ಅಕಾಲದಲ್ಲಿ ಚುರುಕಾಗುತ್ತದೆ, ಎಂಟನೇ ಅಂಶ ಮತ್ತು ವಾನ್ ವಿಲ್ಲೆಬ್ರಾಂಡ್ ಅಂಶ ಕುಗ್ಗುತ್ತವೆ. ಸರಿಯಾದದ್ದು 18ರಿಂದ 24 ಡಿಗ್ರಿಯ ಕೊಠಡಿ ಉಷ್ಣತೆ. ಆ ಉಷ್ಣತೆಯಲ್ಲಿ ಪಿಟಿ ಸ್ಯಾಂಪಲ್ 24 ಗಂಟೆ ತಡೆಯುತ್ತದೆ, ಎಪಿಟಿಟಿ ಎಂಬ ಇನ್ನೊಂದು ಹೆಪ್ಪುಗಟ್ಟುವ ಪರೀಕ್ಷೆಗೆ ನಾಲ್ಕೇ ಗಂಟೆ. ರಕ್ತ ತೆಳುವಾಗಿಸುವ ಹೆಪರಿನ್ ಚುಚ್ಚುಮದ್ದು ನಡೆಯುತ್ತಿರುವ ರೋಗಿಯದಾದರೆ ಒಂದು ಗಂಟೆಯೊಳಗೆ ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಬೇಕು.

ಬೀಜದ ವ್ಯಾಪಾರಕ್ಕೆ ಹೆಸರಾದ ರಾಣೆಬೆನ್ನೂರಿನ ಒಂದು ಲ್ಯಾಬಿನಲ್ಲಿ ಸೆಂಟ್ರಿಫ್ಯೂಜ್ ಗುಂಯ್ ಎನ್ನುತ್ತಿತ್ತು. 15 ನಿಮಿಷ ತಿರುಗಿ ನಿಂತಾಗ ಮೇಲೆ ತಿಳಿಹಳದಿ ಪ್ಲಾಸ್ಮಾ, ಕೆಳಗೆ ಕೆಂಪು. ದೂರದ ಊರಿಗೆ ಕಳಿಸುವುದಿದ್ದರೆ ಪ್ಲಾಸ್ಮಾ ಮಾತ್ರ ಬೇರೆ ಮಾಡಿ ಮಂಜುಗಟ್ಟಿಸಿ ಕಳಿಸಬೇಕು: ಮೈನಸ್ 20 ಡಿಗ್ರಿಯಲ್ಲಿ ಎರಡು ವಾರ, ಮೈನಸ್ 70ರಲ್ಲಿ ಆರು ತಿಂಗಳು ಇಡಬಹುದು. ಯಂತ್ರ, ರಾಸಾಯನಿಕ ಬೇರೆಯಾದರೂ ಫಲಿತಾಂಶ ಹೋಲಲೆಂದೇ ವಿಶ್ವ ಆರೋಗ್ಯ ಸಂಸ್ಥೆ 1983ರಲ್ಲಿ ಐಎನ್‌ಆರ್ ಪದ್ಧತಿ ತಂದಿತು. ಕೆಟ್ಟ ಸ್ಯಾಂಪಲ್ಲನ್ನು ಆ ಲೆಕ್ಕಾಚಾರವೂ ಸರಿಮಾಡಲಾರದು.

ಹಾವೇರಿಯ ಸುತ್ತ ಗೋವಿನಜೋಳ, ಹತ್ತಿಯ ಹೊಲಗಳು. ಹೊಲವಿದ್ದಲ್ಲಿ ಹಾವಿನ ಭಯವೂ ಇರುವುದರಿಂದ ಇಲ್ಲಿ ಹೆಪ್ಪುಗಟ್ಟುವ ಪರೀಕ್ಷೆಗೆ ಇನ್ನೊಂದು ಮುಖವಿದೆ, ಅದು ಹಾವು ಕಡಿತ. ಕೊಳಕುಮಂಡಲದ ವಿಷ ರಕ್ತ ಹೆಪ್ಪುಗಟ್ಟುವ ಶಕ್ತಿಯನ್ನೇ ಬರಿದುಮಾಡುತ್ತದೆ. ಅದನ್ನು ಪತ್ತೆಹಚ್ಚಲು ಯಂತ್ರ ಬೇಡ. ಹೊಸ, ಒಣ ಗಾಜಿನ ಟ್ಯೂಬಿನಲ್ಲಿ 2 ಮಿಲಿಲೀಟರ್ ರಕ್ತ ಹಾಕಿ, 20 ನಿಮಿಷ ಅಲುಗಾಡಿಸದೆ ಇಟ್ಟು, ಒಮ್ಮೆ ವಾಲಿಸಿ ರಕ್ತ ಗಟ್ಟಿಯಾಯಿತೇ ಎಂದು ನೋಡಿದರಾಯಿತು. ಆದರೆ ಅದು ಗಾಜೇ ಆಗಿರಬೇಕು. ಪ್ಲಾಸ್ಟಿಕ್ ಟ್ಯೂಬಿನಲ್ಲಿ, ಸೋಪಿನಿಂದ ತೊಳೆದ ಟ್ಯೂಬಿನಲ್ಲಿ ಒಳ್ಳೆಯ ರಕ್ತವೂ ಗಟ್ಟಿಯಾಗದೆ ಉಳಿದು, ವಿಷವೇರದವರಿಗೂ ಪ್ರತಿವಿಷ ಕೊಡುವಂತಾಗಬಹುದು. ಕರ್ನಾಟಕ 2024ರಲ್ಲಿ ಹಾವು ಕಡಿತವನ್ನು ಸರ್ಕಾರಕ್ಕೆ ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣಗಳ ಪಟ್ಟಿಗೆ ಸೇರಿಸಿತು. ಅಷ್ಟೇ ಕಾಳಜಿಯಿಂದ ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ ಹೊಸ ಗಾಜಿನ ಟ್ಯೂಬುಗಳು ತಪ್ಪದೆ ಮುಟ್ಟಬೇಕು.

ಐಎನ್‌ಆರ್ ಪರೀಕ್ಷೆ ಮಾಡಿಸುವವರಲ್ಲಿ ನನ್ನದೊಂದು ಕೋರಿಕೆ. ಸಾಧ್ಯವಾದರೆ ಯಂತ್ರ ಇರುವ ಲ್ಯಾಬಿಗೇ ಹೋಗಿ ರಕ್ತ ಕೊಡಿ. ನೀಲಿ ಟ್ಯೂಬು ಗೆರೆಯವರೆಗೆ ತುಂಬಿತೇ ನೋಡಿ, ಎಷ್ಟು ಹೊತ್ತಿಗೆ ಪರೀಕ್ಷಿಸುತ್ತೀರಿ ಎಂದು ಕೇಳಿ. ಅಂಕಿ ದಿಢೀರನೆ ಏರಿಳಿದಿದ್ದರೆ, ರಕ್ತಸ್ರಾವದ ಲಕ್ಷಣವೂ ಇಲ್ಲದಿದ್ದರೆ, ಗುಳಿಗೆ ಬದಲಿಸುವ ಮುನ್ನ ಇನ್ನೊಮ್ಮೆ ರಕ್ತ ತೆಗೆದು ನೋಡಬಹುದೇ ಎಂದು ನಿಮ್ಮ ವೈದ್ಯರನ್ನು ವಿಚಾರಿಸಿ.